ತೊಟ್ಟಿಲ ತೊಲೆಗೆ ಕಾರು ಕಟ್ಟಿದರು

ಯುದ್ಧ ಮುಗಿದ ಮಾರನೆಯ ವರ್ಷ, ಅಂದರೆ 1946ರಲ್ಲಿ ನಡೆದದ್ದು ಇದು. ದೊಡ್ಡಬಳ್ಳಾಪುರದಲ್ಲಿ ನಮ್ಮದು ನೇಕಾರರ ಮನೆ. ನೂಲು ಸಿಗದೆ ಮಗ್ಗಗಳು ಸುಮ್ಮನೆ ನಿಂತಿದ್ದವು. ನಮ್ಮವರು, ನನ್ನ ಗಂಡ, ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದವರು. ಮಿಲಿಟರಿಯವರು ಹರಾಜಿಗಿಟ್ಟ ಹಳೆಯ ಕಾರೊಂದನ್ನು ತಂದು ಬಾಡಿಗೆಗೆ ಓಡಿಸುತ್ತಿದ್ದರು. ಮನೆಯ ಒಲೆ ಉರಿಯುತ್ತಿದ್ದುದು ಆ ಕಾರಿನಿಂದಲೇ.

ಕಾರು ಅಂದರೆ ಹೆಸರಿಗೆ ಕಾರು. ವಾರಕ್ಕೊಂದು ಸಲವಾದರೂ ಅದರ ಕೆಳಗೆ ನುಸುಳಿ ಏನಾದರೊಂದನ್ನು ಬಿಗಿಯಲೇಬೇಕಿತ್ತು. ಒಂದು ಜಾಕಿ ಇತ್ತು. ಚಕ್ರ ಬಿಚ್ಚುವುದಕ್ಕೆ ಅದು ಸರಿ, ಆದರೆ ಅದನ್ನು ನಂಬಿ ಕಾರಿನ ಕೆಳಗೆ ಮಲಗುವ ಹಾಗಿರಲಿಲ್ಲ. ಹಿತ್ತಲಿನ ಕೊಟ್ಟಿಗೆಯಲ್ಲಿ ಎದೆಮಟ್ಟದ ಗುಂಡಿ ತೋಡಿ, ಅದರ ಮೇಲೆ ಕಾರು ನಿಲ್ಲಿಸಿ, ತಾವು ಒಳಗೆ ನಿಂತು ಕೆಲಸ ಮಾಡಬೇಕು ಎನ್ನುವುದು ನಮ್ಮವರ ಆಸೆ. ಮಿಲಿಟರಿ ಶೆಡ್ಡಿನಲ್ಲಿ ಹಾಗೇ ಇತ್ತಂತೆ.

ನಮ್ಮ ಮಾವನವರು ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಮನೆಯಲ್ಲಿ ಅವರ ಅಣ್ಣನ ಮಾತೇ ಮಾತು. ನಾನು ಅವರನ್ನು ದೊಡ್ಡ ಮಾವ ಎನ್ನುತ್ತಿದ್ದೆ. ಗುಂಡಿಯ ಮಾತೆತ್ತಿದ್ದೇ ತಡ, ಅವರು ಊಟದ ಎಲೆ ಮುಂದೆಯೇ ಕೂಗಾಡಿದರು.

"ನೈಋತ್ಯ ಮೂಲೇಲಿ ಗುಂಡಿನಾ? ಮನೆ ಗಂಡಸ್ರನ್ನ ನುಂಗ್ಬಿಡುತ್ತೆ ಕಣೋ ಅದು! ನಾನು ಬದುಕಿರೋವರ್ಗೂ ಆಗಲ್ಲ."

"ಮಗ್ಗದ ಗುಂಡೀಲಿ ಇಷ್ಟ್ ವರ್ಷ ಕಾಲು ಇಳಿಬಿಟ್ಕೊಂಡು ಕೂತಿದೀವಲ್ಲ ದೊಡ್ಡಪ್ಪ, ಅದ್ಯಾರನ್ನ ನುಂಗೈತೆ?" ಅಂದರು ನಮ್ಮವರು.

"ಅದು ಅನ್ನ ಕೊಡೋ ಗುಂಡಿ."

"ಕಾರೂ ಅನ್ನಾನೇ ಕೊಡ್ತಿರೋದು" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಸಾರು ಬಡಿಸುತ್ತಿದ್ದ ಅತ್ತೆ ಸುಮ್ಮನಿರು ಎಂದು ಕಣ್ಸನ್ನೆ ಮಾಡಿದರು. ದೊಡ್ಡ ಮಾವ ಎಲೆ ಬಿಟ್ಟು ಎದ್ದರು. ಅಲ್ಲಿಗೆ ಗುಂಡಿಯ ಮಾತು ಮುಗಿಯಿತು.

ಸ್ವಲ್ಪ ದಿನ ಕಳೆದ ಮೇಲೆ ದೊಡ್ಡ ಮಾವನೇ ಬೆಂಗಳೂರಿಗೆ ಹೋಗಿ ಸರಪಳಿ ಹಾಕಿದ ರಾಟೆಯೊಂದನ್ನು ತಂದರು. ಮಿಲ್ಲುಗಳಲ್ಲಿ ಭಾರದ ಯಂತ್ರ ಎತ್ತುವಂಥದ್ದು. "ಒಂದ್ ಕೈಲಿ ಎಳುದ್ರೆ ಆನೇನೂ ಮೇಲಕ್ಕೆ ಬರುತ್ತೆ" ಎಂದು ಬೀದಿಯವರನ್ನೆಲ್ಲ ಕರೆದು ತೋರಿಸಿದರು. ಅದನ್ನು ತೂಗುಹಾಕಬೇಕಿದ್ದದ್ದು ಕೊಟ್ಟಿಗೆಯ ತೊಲೆಗೆ. ಹಳೆಯ ಮನೆ ಕೆಡವಿದಾಗ ನಡುಮನೆಯ ತೊಲೆಯನ್ನೇ ತಂದು ಕೊಟ್ಟಿಗೆಗೆ ಹಾಕಿದ್ದರು. ತೊಟ್ಟಿಲು ಕಟ್ಟುವ ಕಬ್ಬಿಣದ ಬಳೆಗಳು ಅದರಲ್ಲಿ ಹಾಗೇ ಇದ್ದವು.

"ತೊಲೆಗೆ ಹುಳ ಹಿಡಿದೈತೆ ದೊಡ್ಡಪ್ಪ. ಬೇರೆ ಕಂಬ ನೆಟ್ಟು ಕಟ್ಟೋಣ" ಅಂದರು ನಮ್ಮವರು.

"ಹುಳಾನಾ? ನಮ್ಮಜ್ಜ, ನಮ್ಮಪ್ಪ, ನಾನು, ಕೊನೇಗೆ ನೀನು, ಎಲ್ರೂ ಇದೇ ತೊಲೇಲಿ ತೂಗಿಸ್ಕೊಂಡು ಬೆಳ್ದಿರೋದು. ನಾಲ್ಕು ತಲೆಮಾರು ತಡ್ಕೊಂಡಿದ್ ತೊಲೆ ನಿನ್ ಕಾರ್ ತಡ್ಕೊಳಲ್ವಾ?"

ತೊಟ್ಟಿಲಿನ ಕೂಸೆಲ್ಲಿ, ಕಾರೆಲ್ಲಿ! ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅಜ್ಜ ಮುತ್ತಜ್ಜಂದಿರ ಹೆಸರೆತ್ತಿದ ಮೇಲೆ ನಮ್ಮವರು ತಲೆ ತಗ್ಗಿಸಿಬಿಟ್ಟರು. ದೊಡ್ಡ ಮಾವ ರಾಟೆಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಆ ತೊಲೆಗೇ ಕಟ್ಟಿಸಿದರು.

ಒಂದು ದಿನ ಬೆಳಿಗ್ಗೆ ದೊಡ್ಡ ಮಾವನ ಬೀಗರು ತೂಬಗೆರೆಯಿಂದ ಬಂದರು. ಅವರಿಗೆ ರಾಟೆ ತೋರಿಸದಿದ್ದರೆ ದೊಡ್ಡ ಮಾವನಿಗೆ ತಿಂದದ್ದು ಅರಗುತ್ತದೆಯೇ? ನಮ್ಮವರು ಅಷ್ಟರಲ್ಲಾಗಲೇ ಮುಂದಿನ ಚಕ್ರಗಳೆರಡನ್ನೂ ಬಿಚ್ಚಿ, ಕಾರಿನ ಮೂತಿಯನ್ನು ರಾಟೆಯಲ್ಲಿ ಎತ್ತಿ ನಿಲ್ಲಿಸಿ, ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿ ಸುತ್ತಿಗೆಯಿಂದ ಏನೋ ಬಡಿಯುತ್ತಿದ್ದರು. ದೊಡ್ಡ ಮಾವ ಸರಪಳಿ ಹಿಡಿದು, "ಇನ್ನೊಂಚೂರು ಎತ್ತಿ ತೋರಿಸ್ತೀನಿ ನೋಡಿ ಬೀಗರೇ" ಎನ್ನುತ್ತಿದ್ದರು. ಬೀಗರು ಭೇಷ್ ಭೇಷ್ ಎನ್ನುತ್ತಿದ್ದರು.

ನಾನು ಕಾಫಿ ಲೋಟಗಳನ್ನಿಟ್ಟ ತಟ್ಟೆ ಹಿಡಿದು ಬಾಗಿಲಿಗೆ ಬಂದೆ. ಮೇಲಿನಿಂದ ರಾಗಿಹಿಟ್ಟಿನಂಥ ಪುಡಿ ಉದುರುತ್ತಿತ್ತು. ತಲೆಯೆತ್ತಿದರೆ ತೊಲೆ ನಡುವೆ ಬಿರಿದು ಬಾಯಿ ಬಿಡುತ್ತಿದೆ! ಓಡಿಹೋಗಿ ಎಳೆಯುವಷ್ಟು ಹೊತ್ತಿರಲಿಲ್ಲ. ತಟ್ಟೆ ಕೈಬಿಟ್ಟು ಗಂಟಲು ಹರಿಯುವಂತೆ ಕೂಗಿದೆ.

"ಗಂಗಾಧರಾ! ಈಚೆಗ್ ಬಾರೋ!"

ಮದುವೆಯಾದಂದಿನಿಂದ ಆ ಹೆಸರನ್ನು ನಾನು ಒಮ್ಮೆಯೂ ಉಚ್ಚರಿಸಿರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎನ್ನುವ ಕಾಲ ಅದು. ನಮ್ಮವರು ಸುತ್ತಿಗೆ ಎಸೆದು ಪಕ್ಕಕ್ಕೆ ಉರುಳಿದರು. ತೊಲೆ ಮುರಿದು, ರಾಟೆಯೂ ಕಾರೂ ಒಟ್ಟಿಗೆ ಧೊಪ್ಪನೆ ಬಿದ್ದವು. ಅವರ ಎಡಭುಜದ ಚರ್ಮ ಸುಲಿದು ರಕ್ತ ಸುರಿಯುತ್ತಿತ್ತು. ತಲೆ ಇಟ್ಟುಕೊಂಡಿದ್ದ ಗೋಣಿಚೀಲ ಕಾರಿನ ಕೆಳಗೆ ಅಪ್ಪಚ್ಚಿಯಾಗಿತ್ತು.

ನಾನು ಸೆರಗು ಹರಿದು ಅವರ ಭುಜಕ್ಕೆ ಕಟ್ಟುತ್ತಿದ್ದೆ. ಆಗ ಹಿಂದಿನಿಂದ ದೊಡ್ಡ ಮಾವ ಗುಡುಗಿದರು. ಮಗ ಉಳಿದನಲ್ಲ ಎಂದಲ್ಲ, ಪೆಟ್ಟಾಯಿತೇ ಎಂದೂ ಅಲ್ಲ.

"ಬೀಗರೆದುರಿಗೆ ಗಂಡನ ಹೆಸರು ಹಿಡಿದು ಕೂಗ್ತೀಯಾ? ಅದೂ ಬಾರೋ ಅಂತ! ಮಾನ ಮರ್ಯಾದೆ ಇಲ್ವಾ ನಿಂಗೆ? ನಡಿ, ದೇವರ ಮುಂದೆ ತಪ್ಪಾಯ್ತು ಅಂತ ಅಡ್ಡಬೀಳು."

ನನಗೆ ಎಲ್ಲಿತ್ತೋ ಆ ಸಿಟ್ಟು! "ಬೀಳಲ್ಲ" ಅಂದೆ. "ಅಡ್ಡಬೀಳೋದಾದ್ರೆ ನೀವು ಬೀಳಿ. ಆ ತೊಲೆ ಆರಿಸಿದ್ದು ನಾನಲ್ಲ." ಬೀಗರು ಮುಖ ಮುಖ ನೋಡಿಕೊಂಡರು. ದೊಡ್ಡ ಮಾವ ಹಲ್ಲು ಕಡಿದು, "ನೋಡಿದ್ಯೇನೋ ನಿನ್ ಹೆಂಡ್ತಿ ಬಾಯಿ" ಎಂದು ನಮ್ಮವರ ಕಡೆ ತಿರುಗಿದರು. ನಮ್ಮವರು, "ಆ ಬಾಯಿಂದಾನೇ ಉಸಿರಾಡ್ತಿದೀನಿ ದೊಡ್ಡಪ್ಪ" ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ ನಾನೇ ಗುದ್ದಲಿ ಹಿಡಿದು ಕೊಟ್ಟಿಗೆಗೆ ಹೋದೆ. ನಮ್ಮವರಿಗೆ ಕೈ ಎತ್ತಲಾಗುತ್ತಿರಲಿಲ್ಲ. ನೈಋತ್ಯವೋ ಆಗ್ನೇಯವೋ, ಅಗೆಯುತ್ತಾ ಹೋದೆ. ಜಗಲಿಯಲ್ಲಿ ದೊಡ್ಡ ಮಾವ ಶಾಪ ಹಾಕುತ್ತಿದ್ದದ್ದು ಕೇಳಿಸುತ್ತಿತ್ತು. ಅವರು ಕೂಗಿದಷ್ಟೂ ನಾನು ಜೋರಾಗಿ ಅಗೆದೆ.

ಅತ್ತೆ ಮಜ್ಜಿಗೆ ತಂದರು. ಬೈಯುವುದಕ್ಕೇ ಬಂದರು ಅಂದುಕೊಂಡೆ. ಅವರು ಮಂಕರಿ ತೆಗೆದುಕೊಂಡು ಮಣ್ಣು ತುಂಬತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆಯೇ ಹೇಳಿದರು.

"ನಿಮ್ಮಾವ ಬಾವಿ ಹೂಳು ತೆಗೀತಿದ್ರು ಕಣೆ. ಮೇಲಿಂದ ಕಲ್ಲು ಜಾರೋದು ನಾನು ನೋಡ್ದೆ. 'ರೀ, ರೀ' ಅಂತ ಕೂಗ್ಕೊಂಡೆ. ಒಳಗೆ ನಾಲ್ಕೈದು ಜನ ಇದ್ರು. ಯಾರ ಹೆಂಡ್ತಿ ಯಾರನ್ನ ಕರೀತಾವ್ಳೋ ಅಂತ ಒಬ್ರೂ ತಲೆ ಎತ್ತಲಿಲ್ಲ. ಹೆಸರು ಬಾಯ್ತುದೀಲೇ ಇತ್ತು. ನಿಮ್ ದೊಡ್ಡ ಮಾವನಿಗೆ ಹೆದರ್ಕೊಂಡು ಹೇಳ್ಲಿಲ್ಲ ನಾನು."

ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು, "ಚೌಡಪ್ಪ" ಅಂದರು. ಮಾವನವರ ಹೆಸರು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆ ಗುಂಡಿಯಲ್ಲಿ ನಿಂತು ನಮ್ಮವರು ಬಹಳ ವರ್ಷ ಕೆಲಸ ಮಾಡಿದರು. ಅದು ಯಾರನ್ನೂ ನುಂಗಲಿಲ್ಲ. ದೊಡ್ಡ ಮಾವ ಕಣ್ಣು ಮುಚ್ಚುವವರೆಗೂ ನನ್ನ ಜೊತೆ ಮಾತಾಡಲಿಲ್ಲ, ನಾನೂ ಆಡಿಸಲು ಹೋಗಲಿಲ್ಲ. ಹೋದವರ ಮೇಲೆ ಇನ್ನೇಕೆ ಸಿಟ್ಟು ಎಂದು ಮಕ್ಕಳು ಕೇಳುತ್ತಾರೆ. ನನ್ನ ಗಂಡ ಉಳಿದರು, ನನ್ನ ಪಾಲಿನ ಸಿಟ್ಟನ್ನು ನಾನು ಬಿಟ್ಟರೂ ಬಿಟ್ಟೇನು. ಅತ್ತೆಯ ಪಾಲಿನದನ್ನು ಬಿಡಲು ನಾನು ಯಾರು?