ಒಬ್ಬನೇ ರೇಡರ್ ಇದ್ದ ತಂಡ

ಮೊಮ್ಮಕ್ಕಳೇ, ನಾನು ಕಬಡ್ಡಿ ನೋಡುತ್ತೇನೆಂಬುದು ನಿಮಗೆಲ್ಲ ಗೊತ್ತು. ಆದರೆ ಒಂದು ತಂಡಕ್ಕಾಗಿ ಹದಿನೈದು ದಿನ ಅನ್ನ ರುಚಿಸದೆ ಒದ್ದಾಡಿದ್ದೇನೆಂಬುದು ನಿಮ್ಮ ಅಪ್ಪನಿಗೂ ಗೊತ್ತಿಲ್ಲ. ಬಾಯಿಬಿಟ್ಟು ಹೇಳುವುದು ನನ್ನಿಂದಾಗದು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಊರ ಸಾಲೆಯಲ್ಲಿ ಏಳನೇ ಇಯತ್ತೆವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಿಮ್ಮ ಮುತ್ಯಾ ತೀರಿಕೊಂಡ ಮೇಲೆ ನಾನು ಹೊರಗೆ ಹೋಗುವುದು ಕಡಿಮೆಯಾಯಿತು. ಮೆಣಸಿನಕಾಯಿ ಒಣಹಾಕಲು ಮಾಳಿಗೆ ಹತ್ತಿದರೆ ಕೆಳಗೆ ಸಾಲೆಯ ಬಯಲು ಕಾಣುತ್ತಿತ್ತು. ನಮ್ಮ ಮಸಗುಪ್ಪಿಯ ಹುಡುಗರು ದಿನಾ ಸಂಜೆ ಅಲ್ಲಿ ಸುಣ್ಣದ ಗೆರೆ ಹಾಕಿ ಆಡುತ್ತಿದ್ದರು. ಮೊದಲು ಕಾಗೆ ಓಡಿಸುವ ನೆಪದಲ್ಲಿ ನೋಡಿದೆ. ಆಮೇಲೆ ಒಣಹಾಕಲು ಏನೂ ಇಲ್ಲದ ದಿನಗಳಲ್ಲೂ ಹತ್ತಿದೆ. ಒಂದು ವರ್ಷದಲ್ಲಿ ಯಾರು ಎಡಗಾಲು ಮುಂದಿಡುತ್ತಾರೆ, ಯಾರಿಗೆ ಉಸಿರು ಬೇಗ ಹೋಗುತ್ತದೆ ಎಲ್ಲವೂ ತಿಳಿಯಿತು.

ನಮ್ಮವರು ಹಿಡಿಯುವುದರಲ್ಲಿ ಗಟ್ಟಿಗರು. ಕಬ್ಬು ಕಡಿದು ಹೊತ್ತ ಕೈಗಳು. ಒಳಗೆ ಬಂದವನ ಕಣಕಾಲು ಸಿಕ್ಕರೆ ಮುಗಿಯಿತು. ಆದರೆ ಹಿಡಿಯುವುದರಿಂದಲೇ ಗೆಲ್ಲಲಾಗುವುದಿಲ್ಲ. ಎದುರಿನವರ ಅಂಗಳಕ್ಕೆ ಹೋಗಿ ಮುಟ್ಟಿ ಬರುವವರು ಬೇಕು. ಅಂಥ ರೇಡರ್‌ಗಳು ನಮ್ಮಲ್ಲಿ ಇಬ್ಬರೇ. ಮೂಡಲಗಿಯಲ್ಲಿ ಲೀಗ್ ಪಂದ್ಯಗಳ ಕೊನೆಯ ದಿನ ಅವರಲ್ಲೊಬ್ಬನ ಪಾದ ಹೊರಳಿತು. ಹೇಗೋ ಹುಕ್ಕೇರಿಯ ನಾಕೌಟಿಗೆ ಅರ್ಹತೆ ಸಿಕ್ಕಿತ್ತು. ನಮ್ಮ ಊರಿಗೆ ಅದೇ ಮೊದಲು. ಸೋತರೆ ಅಲ್ಲಿಗೆ ಮುಗಿದಂತೆ. ಉಳಿದದ್ದು ಹದಿನೈದು ದಿನ ಮತ್ತು ಒಬ್ಬನೇ ರೇಡರ್.

ಆ ಒಬ್ಬ ನಮ್ಮ ಗೋಡೆಯಾಚೆಯ ಮನೆಯವನು. ಅವರದು ಗಾದಿ ಹೊಲಿಯುವ ಮುಸಲ್ಮಾನರ ಮನೆ. ಅವನಿಗೆ ಇಪ್ಪತ್ತೆರಡು ವರ್ಷ, ನನ್ನನ್ನು ಚಿಕ್ಕಮ್ಮನೆಂಬಂತೆ ಕಾಕು ಎನ್ನುತ್ತಿದ್ದ. ಗಾಳಿಗೆ ಬಾಗುವಷ್ಟು ತೆಳ್ಳಗಿದ್ದ. ಪಾದ ಹೊರಳಿದವನ ಬದಲಿಗೆ ಹಾಕಿದ ಹುಡುಗನಂತೂ ಗೆರೆ ದಾಟಿ, ಎರಡು ಹೆಜ್ಜೆ ಹಾಕಿ, ಹೊಸ ಅಳಿಯ ಮಾವನ ಮನೆಯಲ್ಲಿ ನಾಚಿದಂತೆ ತಿರುಗಿ ಬರುತ್ತಿದ್ದ. ಹಾಗಾಗಿ ಎಲ್ಲ ಭಾರವೂ ಇವನ ಮೇಲೆ. ನಾಲ್ಕು ಸಲ ಹೋಗಿ ಬಂದರೆ ಐದನೆಯ ಸಲಕ್ಕೆ ಮೊಣಕಾಲ ಮೇಲೆ ಕೈಯೂರಿ ನಿಲ್ಲುತ್ತಿದ್ದ. ಪಕ್ಕೆಲುಬು ಎಣಿಸಬಹುದಿತ್ತು.

ನನಗೆ ಬೇರೆ ಚಿಂತೆಯೇ ಇಲ್ಲದಾಯಿತು. ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಅಂಗೈಯಲ್ಲಿ ಲಿಂಗ, ಮನಸ್ಸೆಲ್ಲ ಎದುರು ತಂಡದ ಎಡಮೂಲೆಯವನ ಕಾಲಿನಲ್ಲಿ. ರೊಟ್ಟಿ ಬಡಿಯುತ್ತಾ ರೇಡ್ ಲೆಕ್ಕ ಹಾಕಿ ಒಂದೆರಡು ಸುಟ್ಟಿದ್ದೂ ಉಂಟು. ಇವನಿಗೆ ಮೈಯಲ್ಲಿ ಕಸುವಿಲ್ಲ, ಕಸುವು ಬಂದರೆ ನಾವು ಗೆಲ್ಲುತ್ತೇವೆ ಎಂದು ತೀರ್ಮಾನ ಮಾಡಿದೆ.

ಕಸುವಿಗೆ ನಮ್ಮ ಮನೆಗಳಲ್ಲಿ ಒಂದೇ ದಾರಿ, ಅಂಟಿನ ಉಂಡಿ. ಗೋಕಾಕದ ಪೇಟೆಯಿಂದ ಒಳ್ಳೆಯ ಅಂಟು, ಉತ್ತತ್ತಿ, ಒಣಕೊಬ್ಬರಿ ತರಿಸಿದೆ. ಅಂಟನ್ನು ತುಪ್ಪದಲ್ಲಿ ಅರಳಿಸಿ, ಬೆಲ್ಲದ ಪಾಕದಲ್ಲಿ ಕಟ್ಟಿದೆ. ನಿಮ್ಮ ಅವ್ವನ ಬಾಣಂತನದಲ್ಲಿ ಕಟ್ಟಿದ್ದಕ್ಕಿಂತ ದೊಡ್ಡವು. ಡಬ್ಬಿ ತುಂಬಿಸಿ ಗೋಡೆಯ ಮೇಲಿಂದ ಅವನ ತಾಯಿಗೆ ಕೊಟ್ಟೆ.

ಅವಳು ಮುಚ್ಚಳ ತೆಗೆದು ನಕ್ಕೇಬಿಟ್ಟಳು. "ಅಕ್ಕಾ, ನನ್ನ ಮಗಾ ಯಾವಾಗ ಹಡದಾನ್ರಿ?"

"ನಗಬ್ಯಾಡ. ಮುಂಜಾನಿ ಎರಡ, ಸಂಜಿಕೆ ಎರಡ ಕೊಡು. ಮ್ಯಾಲ ಹಾಲು. ನಾ ಕೊಟ್ಟೇನಂತ ಊರಾಗ ಹೇಳಬ್ಯಾಡ ಮತ್ತ."

ಅವನು ತಿಂದ. ಕಾಕು ಕೊಟ್ಟದ್ದನ್ನು ಬೇಡ ಎನ್ನುವ ಹುಡುಗನಲ್ಲ. ಡಬ್ಬಿ ಬರಿದಾಗಿ ಬಂತು, ಮತ್ತೆ ತುಂಬಿಸಿದೆ. ಹತ್ತು ದಿನಕ್ಕೆ ಕೆನ್ನೆ ತುಂಬಿದವು. ಬಯಲಿನಲ್ಲಿ ಮೂವರು ಹಿಡಿದರೂ ಎಳೆದುಕೊಂಡು ಗೆರೆಗೆ ಬಂದ. ಮಾಳಿಗೆಯ ಮೇಲೆ ನಾನು ಒಬ್ಬಳೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ.

ಪಂದ್ಯದ ಕರಪತ್ರ ನಮ್ಮ ಮನೆಯಲ್ಲೂ ಇತ್ತು. ಅದರಲ್ಲಿ ದಪ್ಪ ಅಕ್ಷರದಲ್ಲಿ "ಐವತ್ತೈದು ಕಿಲೋ ಒಳಗಿನವರಿಗೆ" ಎಂದು ಅಚ್ಚಾಗಿತ್ತು. ಎಷ್ಟೋ ಸಲ ಓದಿದ್ದೆ. ಆದರೆ ಹುಡುಗರನ್ನು ನಿಜವಾಗಿ ತೂಗಿ ನೋಡುತ್ತಾರೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನು ಆಟ ನೋಡಿದ್ದು ಮಾಳಿಗೆಯಿಂದ, ಅಲ್ಲಿ ಯಾರೂ ಯಾರನ್ನೂ ತೂಗುತ್ತಿರಲಿಲ್ಲ.

ಹುಕ್ಕೇರಿಗೆ ಹೋಗಲೇಬೇಕೆನಿಸಿತು. ಹತ್ತರಗಿಯ ನನ್ನ ತಂಗಿಗೆ ಆರಾಮಿಲ್ಲ ಎಂದು ನಿಮ್ಮ ಅಪ್ಪನಿಗೆ ಸುಳ್ಳು ಹೇಳಿ ಬಸ್ಸು ಹತ್ತಿದೆ. ಹತ್ತರಗಿಯಲ್ಲಿ ಇಳಿದು ಅವಳನ್ನೂ ಕರೆದುಕೊಂಡೆ.

"ಆಟ ನೋಡಾಕ ನನ್ನ ಹಾಸಿಗಿ ಹಿಡಿಸಿದಿ ಏನ ಅಕ್ಕಾ? ರೋಗ ಯಾವದಂತಾದರೂ ಹೇಳು, ಯಾರರೆ ಕೇಳಿದ್ರ ಬೇಕಾಗ್ತೈತಿ," ಎಂದು ಅವಳು ದಾರಿಯುದ್ದಕ್ಕೂ ಕಾಡಿದಳು.

ನಾವು ಹುಕ್ಕೇರಿ ಮುಟ್ಟಿದಾಗ ಹನ್ನೊಂದು ಗಂಟೆ. ಮೈದಾನದ ಪಕ್ಕ, ಒಂದು ಚಪ್ಪರದ ಕೆಳಗೆ ಆಟಗಾರರು ಸಾಲುಗಟ್ಟಿದ್ದರು. ಒಬ್ಬೊಬ್ಬರೇ ತೂಕದ ಕಾಟಾದ ಮೇಲೆ ಹತ್ತಿ ಇಳಿಯುತ್ತಿದ್ದರು. ಆಗ ನನಗೆ ಕರಪತ್ರದ ದಪ್ಪ ಅಕ್ಷರ ನೆನಪಾಯಿತು. ಅವನ ಸರದಿ ಬಂತು. ಕೊರಳಿಗೆ ಸೀಟಿ ಹಾಕಿಕೊಂಡಿದ್ದ, ಆಟದ ತೀರ್ಪು ಕೊಡುವ ಪಂಚರು ಬಾಗಿ ನೋಡಿದರು.

"ಐವತ್ತಾರರ ಮ್ಯಾಲ ಎರಡನೂರು ಗ್ರಾಂ. ನೀ ಆಡಂಗಿಲ್ಲ ತಮ್ಮಾ."

ನಮ್ಮ ನಾಯಕ ಕಿರಾಣಿ ಅಂಗಡಿಯವರ ಮಗ, ಬಾಯಿ ಜೋರು. "ಮೂಡಲಗ್ಯಾಗ ಐವತ್ತನಾಕೂವರಿ ಇದ್ದಿ! ಏನ್ ತಿಂದಿ ಮಾರಾಯಾ, ಕಲ್ಲ ತಿಂದಿ ಏನ?"

ಅವನು ತಲೆಯೆತ್ತಿದ. ಜನರ ನಡುವೆ ಅವನಿಗೆ ನಾನು ಕಂಡೆ. ಕೂಡಲೇ ಮುಖ ಆಚೆ ತಿರುಗಿಸಿಕೊಂಡು, "ಏನಿಲ್ಲಪಾ, ಮನ್ಯಾಗಿಂದ," ಎಂದ. ಅವನು ನನ್ನ ಹೆಸರು ಹೇಳಿ ಬೈದಿದ್ದರೆ ಒಳ್ಳೆಯದಿತ್ತು.

ಐದು ಗಂಟೆಯೊಳಗೆ ತೂಕ ಇಳಿಸಿದರೆ ಆಡಬಹುದು ಎಂದರು ಪಂಚರು. ಅವನಿಗೆ ಎರಡು ಸ್ವೆಟರ್ ತೊಡಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಓಡಿಸಿದರು. ನೀರು ಕೊಡಲಿಲ್ಲ. ಬಾಯಲ್ಲಿ ಹುಣಸೆಹಣ್ಣು ಇಟ್ಟು ಉಗುಳಿಸಿದರು. ಬಿಸಿಲಿಗೆ ಮೈದಾನದ ಮಣ್ಣು ಕಾದಿತ್ತು. ಅವನು ಒಂದೊಂದು ಸುತ್ತು ಬರುವಾಗಲೂ ನಾನು ತುಪ್ಪ ಹಾಕಿದ ಚಮಚಗಳನ್ನು ನೆನೆಸಿಕೊಂಡೆ. ಹದಿನೈದು ದಿನ ಮಾಡಿ ಮಾಡಿ ತುಂಬಿಸಿದ್ದು ಈಗ ಅವನ ಮೈಯಿಂದ ಬೆವರಾಗಿ ಸುರಿಯುತ್ತಿತ್ತು. ಅದರ ಜೊತೆಗೆ ಅವನದೇ ಇದ್ದ ಕಸುವೂ ಹೋಗುತ್ತಿತ್ತು.

ಗಂಡಸರ ಗುಂಪಿನಲ್ಲಿ ನಾನು ಅದುವರೆಗೆ ಮಾತಾಡಿದವಳಲ್ಲ. ತಂಗಿಯ ಕೈ ಬಿಟ್ಟು ಪಂಚರ ಮೇಜಿನ ಹತ್ತಿರ ಹೋದೆ.

"ಸಾಹೇಬ್ರ, ತಪ್ಪ ನಂದೈತ್ರಿ. ನಾನ ಅಂಟಿನ ಉಂಡಿ ತಿನಿಸೇನ್ರಿ. ಅಂವಗ ಶಿಕ್ಷಾ ಕೊಡಬ್ಯಾಡ್ರಿ."

ಅವರು ನಗಲಿಲ್ಲ. "ಯಾರದ ತಪ್ಪಂತ ಕಾಟಾಕ್ಕ ಗೊತ್ತಾಗಂಗಿಲ್ರಿ ಯವ್ವಾ. ಅದು ತೂಕ ಅಷ್ಟ ಹೇಳ್ತೈತಿ."

ಪಕ್ಕದಲ್ಲೇ ಇದ್ದ ನಾಯಕ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. "ನಮಗ ಇರಾಂವ ಒಬ್ಬಾಂವ ರೀ ಕಾಕು," ಎಂದ. ಅಷ್ಟೇ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ನಾಲ್ಕೂವರೆಗೆ ಮತ್ತೆ ತೂಗಿದರು. ಇನ್ನೂ ಸ್ವಲ್ಪ ಹೆಚ್ಚು. ಯಾರೋ ಓಡಿಹೋಗಿ ಕ್ಷೌರದವನನ್ನು ಕರೆತಂದರು. ನಮ್ಮ ಹುಡುಗನ ಗುಂಗುರು ಕೂದಲೆಲ್ಲ ನೆಲಕ್ಕೆ ಬಿತ್ತು. ಕೊನೆಯ ಸಲ ಚಡ್ಡಿಯಲ್ಲೇ ಕಾಟಾ ಹತ್ತಿದ. ಮುಳ್ಳು ಐವತ್ತೈದರ ಗೆರೆಯ ಮೇಲೆ ನಿಂತಿತು. "ಆಡು," ಎಂದರು ಪಂಚರು. ಎಲ್ಲರೂ ಕೂಗಿದರು. ನನಗೆ ಮಾತ್ರ ಅವನ ತುಟಿ ಕಾಣುತ್ತಿತ್ತು, ಒಣಗಿ ಬಿಳಿಚಿತ್ತು.

ಆಟದ ಮುನ್ನ ಎರಡು ಗುಟುಕು ನೀರು ಕುಡಿದ. ಅದರಿಂದ ಏನಾದೀತು? ಮೊದಲ ರೇಡಿನಲ್ಲೇ ಸಿಕ್ಕಿಬಿದ್ದ. ನಮ್ಮವರು ಎದುರಿನ ರೇಡರ್‌ಗಳನ್ನು ಹಿಡಿದು ಹಿಡಿದು, ಔಟಾಗಿದ್ದ ಅವನನ್ನು ಮತ್ತೆ ಒಳಗೆ ತಂದರು. ಮತ್ತೆ ಹೋದ, ಒಬ್ಬನನ್ನು ಮುಟ್ಟಿ ಬಂದ, ಬಂದು ದಣಿದು ಕೂತ. ಕೊನೆಯ ನಿಮಿಷದಲ್ಲಿ ನಾವು ಎರಡು ಅಂಕ ಹಿಂದೆ ಇದ್ದೆವು. ನಾಯಕ ಅವನ ಬೆನ್ನು ತಟ್ಟಿ ಕಳಿಸಿದ.

ಅವನು ಎಡಮೂಲೆಗೆ ನುಗ್ಗಿ ಇಬ್ಬರನ್ನು ಮುಟ್ಟಿಯೂ ಮುಟ್ಟಿದ. ತಿರುಗುವಾಗ ಕಾಲು ಸಿಕ್ಕಿತು. ಒಬ್ಬ, ಆಮೇಲೆ ಮೂವರು ಮೇಲೆ ಬಿದ್ದರು. ಕೈ ಗೆರೆಯ ಕಡೆ ಚಾಚಿದ್ದ, ಒಂದು ಗೇಣು ಉಳಿದಿತ್ತು. ಕಬಡ್ಡಿ ಕಬಡ್ಡಿ ಎನ್ನುವ ದನಿ ಒಡೆದು ಬರೀ ಗೊರಗೊರ ಕೇಳುತ್ತಿತ್ತು. ಸುತ್ತಲಿನ ನಮ್ಮೂರವರೆಲ್ಲ "ಎಳಿ, ಎಳಿ" ಎಂದು ಕಿರುಚುತ್ತಿದ್ದರು. ನಾನೂ ಎದ್ದು ನಿಂತೆ. ಹದಿನೈದು ದಿನ ಆ ಒಂದು ಗೇಣಿಗಾಗಿ ಜೀವ ತೇಯ್ದಿದ್ದೆ. ಆದರೆ ನನ್ನ ಬಾಯಿಂದ ಬಂದದ್ದೇ ಬೇರೆ.

"ಸಾಕ ಬಿಡೊ ಮಗನ! ಉಸರ ಬಿಡು!"

ಅವನ ದನಿ ನಿಂತಿತು, ಪಂಚರು ಸೀಟಿ ಊದಿದರು. ಸೋತೆವು.

ಅವನು ಎದ್ದು, ಬೋಳುತಲೆಯ ಮೇಲೆ ಒಂದು ಬಾಟಲಿ ಸುರಿದುಕೊಂಡು, ಇನ್ನೊಂದನ್ನು ಕುಡಿದ. ನನ್ನ ಹತ್ತಿರ ಬಂದು ಕೂತ. ನಾನು ಸೆರಗಿನಿಂದ ಅವನ ಮುಖ ಒರೆಸಿದೆ. ಸ್ವಲ್ಪ ಹೊತ್ತಿಗೆ ನಾಯಕ ಬಂದು ದೂರ ನಿಂತು, "ಮುಂದಿನ ವರ್ಷ ಅರವತ್ತ ಕಿಲೋದ ಗುಂಪಿನ್ಯಾಗ ಆಡಸ್ತೀನಿ ಇವನ್ನ. ಆಗ ಬೇಕಾದ್ದ ತಿನಸ್ರಿ ಕಾಕು," ಎಂದ.

ಕ್ಷಮಿಸಿದನೋ ಚುಚ್ಚಿದನೋ ಇಂದಿಗೂ ತಿಳಿದಿಲ್ಲ. ನನಗೆ ಆಗಲೇ ಹೊಸ ಭಯ ಹಿಡಿದಿತ್ತು. ಅರವತ್ತರ ಗುಂಪಿನವರ ತೊಡೆ ಕಂಬದ ಹಾಗಿರುತ್ತವೆ. ಇವನು ಅವರ ನಡುವೆ ಹೇಗೆ ಹೋಗಿ ಬರಬೇಕು? ಇನ್ನೊಬ್ಬ ರೇಡರ್ ಎಲ್ಲಿ ಸಿಗುತ್ತಾನೆ?