ಡಾಕ್ಟರಿಗೆ ಹೇಳದ ಚಿಟಿಕೆ

ವಸಡಿನ ಆಪರೇಷನ್ ಆಗಿ ನಾಲ್ಕು ತಿಂಗಳಾದರೂ ನಾನು ಬಲಗಡೆಯೇ ಜಗಿಯುತ್ತಿದ್ದೆ. ಗದಗಿನ ಡಾಕ್ಟರು, ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ, ಕನ್ನಡಿ ಹಿಡಿದು "ಪರ್ಫೆಕ್ಟ್ ಹೀಲಿಂಗ್" ಎಂದು ತೋರಿಸಿದ್ದಳು. ಆದರೆ ಎಡಗಡೆಯ ಕೆಳದವಡೆಯಲ್ಲಿ ಯಾರೋ ಕರೆಂಟಿನ ತಂತಿ ಮರೆತು ಹೋದ ಹಾಗಿತ್ತು. ಮುಖ ತೊಳೆದರೆ ಚುರ್ರೆನ್ನುವುದು, ಗಾಳಿ ಸೋಕಿದರೆ ಕಿವಿಯವರೆಗೂ ಹರಿಯುವುದು. ಶಿರಹಟ್ಟಿಯ ನಮ್ಮ ಮನೆಯಲ್ಲಿ ಗಾಳಿಗೇನು ಕಡಿಮೆ? ಕೆನ್ನೆಗೆ ಸೆರಗು ಒತ್ತಿಕೊಂಡೇ ಬಟ್ಟೆ ಒಣಹಾಕುತ್ತಿದ್ದೆ.

ಮುಂಡರಗಿಯಿಂದ ಬಂದ ನೆಗೆಣ್ಣಿ, ನನ್ನ ಮೈದುನನ ಹೆಂಡತಿ, ಹಲ್ಲೇ ಇಲ್ಲದಿದ್ದರೆ ನೋವೆಲ್ಲಿಂದ ಬಂದೀತು ಎಂದಳು. ಸರಿ ಅನ್ನಿಸಿತು. ಲಕ್ಷ್ಮೇಶ್ವರದಲ್ಲಿ ನಾನೇ ಹಟ ಹಿಡಿದು ಒಂದು ದವಡೆಹಲ್ಲು ಕೀಳಿಸಿಕೊಂಡೆ. ಎರಡು ದಿನ ಸುಮ್ಮನಿದ್ದ ನೋವು ಮೂರನೆಯ ದಿನ ಪಕ್ಕದ ಹಲ್ಲಿಗೆ ಬಂದು ಕೂತಿತು. ಅದನ್ನೂ ಸೋಮವಾರ ಕೀಳಿಸುವುದೆಂದಾಯಿತು.

ನನ್ನ ಖರೇ ಭಯ ಬೇರೆಯೇ ಇತ್ತು. ಮದುವೆಯಾದ ಹೊಸತರಲ್ಲಿ, ಕಾನ್ವೆಂಟ್ ಕಲಿತ ಸೊಸೆಯೆಂದು ಮನೆಯ ಹೆಣ್ಣುಮಕ್ಕಳು ನನ್ನಿಂದ ದೂರವೇ ಕೂಡುತ್ತಿದ್ದರು. ಒಂದು ಮಧ್ಯಾಹ್ನ ಅತ್ತೆ ತಮ್ಮ ಹಿತ್ತಾಳೆ ಡಬ್ಬಿಯಿಂದ ಒಂದು ಚಿಟಿಕೆ ಮಿಶ್ರಿಯನ್ನು, ತಂಬಾಕು ಕಪ್ಪಗೆ ಹುರಿದು ಅರೆದ ಪುಡಿಯನ್ನು, ನನ್ನ ಅಂಗೈಗೆ ಹಾಕಿದರು. ವಸಡಿಗೆ ತಿಕ್ಕಿದೆ. ತಲೆ ಗಿರ್ರೆಂದಿತು. ಆದರೆ ಅಂದಿನಿಂದ ಹಿತ್ತಲ ಕಟ್ಟೆಯ ಮೇಲೆ ನನಗೂ ಜಾಗ ಸಿಕ್ಕಿತು. ಆ ಕಟ್ಟೆಯ ಮೇಲೆ ಈಗ ಮಿಶ್ರಿ ತಿಕ್ಕಲು ಉಳಿದವರು ನಾನು, ಹಬ್ಬಕ್ಕೆ ಬಂದಾಗ ನೆಗೆಣ್ಣಿ.

ಆಪರೇಷನ್ನಿಗೆ ಮೊದಲು ಡಾಕ್ಟರು "ಟೊಬ್ಯಾಕೋ?" ಎಂದು ಕೇಳಿದಾಗ, ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಅದೇ ಆಕ್ಸೆಂಟಿನಲ್ಲಿ "ನೋ, ನೆವರ್" ಎಂದಿದ್ದೆ. ಅಷ್ಟು ಚಂದದ ಇಂಗ್ಲಿಷನ್ನು ಯಾರು ಅನುಮಾನಿಸುತ್ತಾರೆ? ಗಾಯ ಮಾಗಿದ ಮೇಲೆ ನೋವಿಗೂ ಮಿಶ್ರಿಯನ್ನೇ ತಿಕ್ಕಿದೆ. ಈಗ ಒಳಗೆ ಕ್ಯಾನ್ಸರ್ ಬೆಳೆಯುತ್ತಿದೆಯೇನೋ ಎಂದು ದಿನಕ್ಕೆ ಹತ್ತು ಸಲ ನಾಲಿಗೆಯಿಂದ ತಡವಿ ನೋಡಿಕೊಳ್ಳುತ್ತಿದ್ದೆ.

ಸೋಮವಾರ ಲಕ್ಷ್ಮೇಶ್ವರದ ಬಸ್ಸು ಬಂತು. ನೆಗೆಣ್ಣಿ ಓಡಿ ಸೀಟು ಹಿಡಿದಳು. ಇನ್ನೊಂದು ಹಲ್ಲು ಕಿತ್ತರೂ ಒಳಗಿನ ಭಯ ಹೋಗದೆಂದು ನನಗೆ ಹತ್ತಲು ಮನಸ್ಸಾಗಲಿಲ್ಲ. ಅವಳನ್ನು ಇಳಿಸಿಕೊಂಡು ಗದಗಿನ ಬಸ್ಸು ಹತ್ತಿದೆ. ಸಿಕ್ಕ ಸೀಟು ಬಿಡಿಸಿದೆನೆಂದು ದಾರಿಯುದ್ದಕ್ಕೂ ಗೊಣಗಿದಳು.

ಡಾಕ್ಟರ ಮುಂದೆ ಇಂಗ್ಲಿಷ್ ಬಾಯಿಗೆ ಬರಲಿಲ್ಲ. "ಮಿಶ್ರಿ ತಿಕ್ಕತೀನ್ರಿ. ಐವತ್ತು ವರ್ಷ ಆತು," ಅಂದೆ. ನೆಗೆಣ್ಣಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದಳು.

ಡಾಕ್ಟರು ಬೈಯಲಿಲ್ಲ. ಲೈಟು ಹಾಕಿ, ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು, ಕೆನ್ನೆಯೊಳಗೆಲ್ಲ ನೋಡಿ, ಕುತ್ತಿಗೆ ಒತ್ತಿದಳು. ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ ಶಾಲೆಯ ಚಾಪೆಲ್ಲಿನ ಪ್ರೇಯರ್ ಅರ್ಧಕ್ಕೇ ಮರೆತುಹೋಯಿತು. ಸದ್ಯಕ್ಕೆ ಅಂಥದ್ದೇನೂ ಕಾಣುವುದಿಲ್ಲ, ಆದರೆ ಮೂರು ತಿಂಗಳಿಗೊಮ್ಮೆ ಬರಬೇಕು ಎಂದಳು. ಆಮೇಲೆ ಇಂಜೆಕ್ಷನ್ ಕೊಟ್ಟು ದವಡೆ ಮರಗಟ್ಟಿಸಿದಳು. ತುಟಿಯೂ ನನ್ನದಲ್ಲ ಅನ್ನಿಸಿತು. ನೋವು ಮಾತ್ರ ಇದ್ದಲ್ಲೇ ಇತ್ತು.

"ಹಲ್ಲಿಗೆ ಜೋಮು ಹಿಡದೈತ್ರಿ ಅಮ್ಮಾರ, ನೋವಿಗೆ ಹಿಡದಿಲ್ಲ. ಇದು ನರದ ನೋವು. ಇನ್ನೊಂದು ಹಲ್ಲು ಕೀಳಸಬ್ಯಾಡ್ರಿ."

ಎಲ್ಲ ಮಿಶ್ರಿಯಿಂದಲೇ ಆಯಿತೇ ಎಂದು ಕೇಳಿದೆ. ಹಾಗೆನ್ನಲು ಬರುವುದಿಲ್ಲ, ಆದರೂ ಬಿಡಲೇಬೇಕು ಎಂದಳು. ನರಕ್ಕೆ ಗುಳಿಗೆ ಬರೆದಳು. ಕಡಿಮೆಯಾಗಲು ವಾರಗಳೇ ಬೇಕು, ಪೂರ್ತಿ ಹೋಗದೆಯೂ ಇರಬಹುದು.

ತಿರುಗಿ ಬರುವಾಗ ಗದಗ ದಾಟಿದ ಮೇಲೆ ನೆಗೆಣ್ಣಿ ಮೆಲ್ಲಗೆ, "ಅಕ್ಕಾ, ನಂದೂ ಬಾಯಿ ತೋರಸಬೇಕಿತ್ತಿಲ್ಲ?" ಅಂದಳು.

ಮುಂದಿನ ಸ್ಟಾಪಿನಲ್ಲಿ ಇಳಿದು, ರಸ್ತೆಯ ಆಚೆ ಬದಿಗೆ ಹೋಗಿ ಗದಗಿನ ಬಸ್ಸಿಗೆ ಕಾದೆವು. ಹೊಲಗಳ ಮೇಲಿಂದ ಗಾಳಿ ನನ್ನ ಎಡಗೆನ್ನೆಗೇ ಬೀಸುತ್ತಿತ್ತು. ಅವಳು ಬಂದು ನನ್ನ ಎಡಗಡೆಗೆ ನಿಂತಳು.