ಪರಮಾನಂದ ಹಿಡಿದಿಟ್ಟ ಜಾಗ

ಜಮಖಂಡಿಯ ಪರಮಾನಂದ ಅವರು ಯಾವ ಪುಸ್ತಕವನ್ನೂ ಕೆಂಪು ಪೆನ್ನಿಲ್ಲದೆ ಓದಿದವರಲ್ಲ. ಸರ್ಕಾರಿ ಕಚೇರಿಗೆ ಗುಮಾಸ್ತರಾಗಿ ಹೊಕ್ಕು, ಮೂವತ್ತಾರು ವರ್ಷದ ಮೇಲೆ ಹೆಡ್ ಕ್ಲಾರ್ಕ್ ಆಗಿ ಹೊರಬಿದ್ದ ಮನುಷ್ಯ. ಫೈಲು ಬಿಟ್ಟರೂ ಫೈಲಿನ ಚಟ ಬಿಟ್ಟಿರಲಿಲ್ಲ. ಬಡವರ ಕಣ್ಣೀರಿನ ಬಗ್ಗೆ ಬರೆದ ಪುಟ ಸಿಕ್ಕರೆ ಅಡಿಗೆರೆ ಎಳೆದು, ಅಂಚಿನಲ್ಲಿ ‘ಗಮನಿಸಲಾಗಿದೆ’ ಎಂದು ಬರೆದು, ತಾರೀಖು ಹಾಕಿ ಸಣ್ಣ ಸಹಿ ಮಾಡುತ್ತಿದ್ದರು. ಸಹಿ ಬಿತ್ತೆಂದರೆ ಆ ಕಣ್ಣೀರು ವಿಲೇವಾರಿಯಾದಂತೆಯೇ.

ನಿವೃತ್ತರಾದ ವರ್ಷವೇ ಅವರು ತಮ್ಮ ಚರ್ಚಿನ ಹಿಂದಿನ ಕೋಣೆಯಲ್ಲಿ ಶನಿವಾರದ ಓದುಕೂಟ ಶುರು ಮಾಡಿದರು. ಕ್ರೈಸ್ತನಾದವನು ಸಾಮಾಜಿಕ ನ್ಯಾಯವನ್ನು ಹೇಗೆ ಕಾಣಬೇಕು ಎಂದು ಹೇಳುವ ದಪ್ಪ ಪುಸ್ತಕವೊಂದು ಧಾರವಾಡದಿಂದ ಬಂದಿತ್ತು, ವಾರಕ್ಕೊಂದು ಅಧ್ಯಾಯ. ಸೇರುತ್ತಿದ್ದ ಏಳೆಂಟು ಜನರೂ ಹಳೇ ಮನೆತನದವರು, ಸಂಬಳದವರು ಇಲ್ಲವೆ ಪಿಂಚಣಿಯವರು. ಕೂಲಿಯ ಅಧ್ಯಾಯ ಓದಿದ ವಾರ ರಬಕವಿ-ಬನಹಟ್ಟಿಯ ನೇಕಾರರಿಗಾಗಿ ಮರುಗಿದರು. ಮುಳುಗಡೆಯ ಅಧ್ಯಾಯ ಓದಿದ ವಾರ ಬೀಳಗಿ ಕಡೆ ಆಣೆಕಟ್ಟಿನ ಹಿನ್ನೀರಿಗೆ ಮನೆ ಕಳಕೊಂಡವರಿಗಾಗಿ ಮರುಗಿದರು. ಮರುಗಿದ್ದಕ್ಕೊಂದು ಠರಾವು, ಠರಾವಿಗೊಂದು ನಂಬರು. ಪಕ್ಕದೂರಿನ ಕಷ್ಟಕ್ಕೆ ಮರುಗುವುದರಲ್ಲಿ ಒಂದು ಸುಖವಿದೆ, ಆ ಕಷ್ಟ ಬಸ್ಸು ಹತ್ತಿ ನಮ್ಮ ಬಾಗಿಲಿಗೆ ಬರುವುದಿಲ್ಲ.

ಕೂಟಕ್ಕೆ ಮುಂಚೆ ಕಸ ಗುಡಿಸಿ, ಕುರ್ಚಿ ಹಾಕಿ, ಚಹಾ ಕಾಸುತ್ತಿದ್ದವಳು ಮುದಕವ್ವ. ಮೂವತ್ತು ವರ್ಷದ ಹಿಂದೆ ಮಗಳು ಯಲ್ಲವ್ವನನ್ನು ಬಗಲಲ್ಲಿ ಎತ್ತಿಕೊಂಡು ಬಂದು ಈ ಚರ್ಚಿನ ಸಭೆ ಸೇರಿದವಳು. ಓದು ನಡೆಯುವಾಗ ಹೊಸ್ತಿಲ ಹತ್ತಿರ ಕೂತು ಕೇಳುತ್ತಿದ್ದಳು. ಪುಸ್ತಕ ಹೇಗಿದೆ ಎಂದು ಒಮ್ಮೆ ಪರಮಾನಂದರು ದೊಡ್ಡ ಮನಸ್ಸು ಮಾಡಿ ಕೇಳಿದ್ದರು.

"ಭಾಳ ಛಲೋ ಐತ್ರಿ ಸಾಹೇಬ್ರ. ಆದ್ರ ಅದು ಮುಗ್ಯೂದು ಯಾವಾಗ್ರಿ? ಮುಗದ ಮ್ಯಾಲ ಏನರ ಮಾಡ್ತೀರಂತ ನಾ ಕಾಯ್ಕೋತ ಕುಂತೇನಿ."

ಅವರು ನಕ್ಕು, ಆ ಮಾತನ್ನೂ ಗಮನಿಸಿ, ಬಿಟ್ಟರು.

ಇನ್ನು ಇವರ ಸ್ಮಶಾನದ ಕತೆ ಹೇಳಬೇಕು. ಮುಧೋಳ ರಸ್ತೆಯ ಬದಿಗಿರುವ ಆ ಜಾಗದ ಮೇಲಿನ ಅರ್ಧ ಗರಸು ಮಣ್ಣು, ಎಷ್ಟು ಮಳೆಯಾದರೂ ಬೇಗ ಆರುತ್ತದೆ. ಕೆಳಗಿನ ಅರ್ಧ ಎರೆ ಮಣ್ಣು, ಒತ್ತಿಗೇ ಕಬ್ಬಿನ ಹೊಲ. ಕಬ್ಬಿಗೆ ನೀರು ಬಿಟ್ಟಾಗ ಅಲ್ಲಿ ಕುಣಿ ತೋಡಿದರೆ ಬಾವಿಯಾಗುತ್ತದೆ. ಮೇಲಿನ ಅರ್ಧದಲ್ಲಿ ಸತ್ತವರಿಗಿಂತ ಸಾಯಬೇಕಾದವರೇ ಹೆಚ್ಚು. ಮಹಾಲಿಂಗಪುರದ ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವಂತೆ, ಹಳೇ ಮನೆತನದವರು ತಲೆಗೊಂದು ಕಲ್ಲು ನೆಟ್ಟು ಜಾಗ ಹಿಡಿದಿದ್ದರು. ‘ಮೂಲ ಕುಟುಂಬಗಳಿಗೆ ಮೇಲ್ಭಾಗ, ನಂತರ ಸೇರಿದವರಿಗೆ ಕೆಳಭಾಗ’ ಎಂಬ ನಿಯಮ ಬರೆದವರು ಪರಮಾನಂದರೇ. ಮೂವತ್ತು ವರ್ಷವಾದರೂ ಮುದಕವ್ವ ‘ನಂತರ’ದವಳೇ.

ಪರಮಾನಂದರ ಕಲ್ಲಿನ ಮೇಲೆ ಹೆಸರು, ಹುಟ್ಟಿದ ತಾರೀಖು ಕೆತ್ತಿಸಿಯಾಗಿತ್ತು; ಇನ್ನೊಂದು ತಾರೀಖಿನ ಜಾಗ ಖಾಲಿ. ಅದರ ಎಡಕ್ಕೆ ಅವರ ಹೆಂಡತಿ ಅನ್ನವ್ವ ಮಲಗಿದ್ದಳು. ಕಲ್ಲಿಗೆ ಬೇಕಾದಷ್ಟು ನಗಬಹುದು, ಈ ಆಸೆಗೆ ನಗಲಾಗದು. ಇಪ್ಪತ್ತೆಂಟು ವರ್ಷ ಜೊತೆಗೆ ಬಾಳಿದವಳ ಪಕ್ಕ ಮಲಗಬೇಕು ಎಂಬುದೊಂದೇ ಅವರು ಎಲ್ಲೂ ನೋಟ್ ಬರೆಯದೆ ಎದೆಯಲ್ಲಿಟ್ಟುಕೊಂಡ ಆಸೆ.

ಒಂದು ಶನಿವಾರ ಮುಂಜಾನೆ ಮುದಕವ್ವ ತೀರಿಕೊಂಡಳು. ಪಾದ್ರಿಗಳು ನಾಲ್ಕೂರು ನೋಡಿಕೊಳ್ಳುವವರು, ಅಂದು ಬಾಗಲಕೋಟೆ ಕಡೆ ಇದ್ದರು. ಚರ್ಚಿನ ಹಿರಿಯರಾದ ಪರಮಾನಂದರೇ ಮಣ್ಣು ಮಾಡಿಸಬೇಕಾಯಿತು. ಹಾಗೆಂದು ಓದು ನಿಲ್ಲಿಸಲಾದೀತೆ? ಮೂರಕ್ಕೆ ಓದು, ಐದಕ್ಕೆ ಮಣ್ಣು ಎಂದು ಗೊತ್ತು ಮಾಡಿದರು. ಕುರ್ಚಿ ತಾವೇ ಹಾಕಿಕೊಳ್ಳಬೇಕಾಗಿ ಬಂದದ್ದಕ್ಕೆ ಒಬ್ಬಿಬ್ಬರು ಮುಖ ಸಿಂಡರಿಸಿದರು.

ಅಂದಿನ ಅಧ್ಯಾಯ ‘ಭೂಮಿ ಯಾರದು?’ ಕಾಲೇಜಿನಲ್ಲಿ ಪಾಠ ಹೇಳುವ ಯುವರಾಜ, ಭೂಮಿಯೆಲ್ಲ ದೇವರದು, ನಾವು ಬರೀ ಬಾಡಿಗೆದಾರರು ಎಂದು ಕೈ ಬೀಸಿ ಹೇಳುತ್ತಿದ್ದಾಗ ಯಲ್ಲವ್ವ ಬಾಗಿಲಿಗೆ ಬಂದು ನಿಂತಳು. ಸೀರೆಯ ಅಂಚೆಲ್ಲ ರಾಡಿ.

"ಸಾಹೇಬ್ರ, ಕೆಳಗ ಕುಣಿ ತೋಡಿದ್ರ ನೀರ ಬರಾಕತ್ತೈತಿ. ನಿನ್ನೆ ಕಬ್ಬಿಗೆ ನೀರ ಬಿಟ್ಟಾರ. ಮ್ಯಾಲ ಒಂದೀಟು ಜಾಗಾ ಕೊಡ್ರಿ. ಅವ್ವನ್ನ ನೀರಾಗ ಹ್ಯಾಂಗ ಇಳಸೂದ್ರಿ?"

ಯುವರಾಜ ಬೀಸಿದ ಕೈ ಇಳಿಸಿದ. "ಖರೆ ಅನ್ಯಾಯ ಇದು" ಎಂದ. ಎಲ್ಲರೂ ಹೌದೆಂದರು. ಆಮೇಲೆ ಎಲ್ಲರೂ ಪರಮಾನಂದರ ಮುಖ ನೋಡಿದರು, ಯಾಕೆಂದರೆ ತಮ್ಮ ತಮ್ಮ ಕಲ್ಲು ಎಲ್ಲರಿಗೂ ನೆನಪಾಗಿತ್ತು.

"ನಿಯಮ ತಿದ್ದಾಕ ಮಹಾಸಭಾ ಕರೀಬೇಕವಾ" ಎಂದರು ಪರಮಾನಂದ. "ಅದಕ್ಕ ಹದಿನೈದು ದಿನದ ನೋಟಿಸ್ ಬೇಕು. ಆದ್ರ ನಾವೆಲ್ಲಾ ನಿನ್ನ ಕಡೀನ ಅದೀವಿ, ಹಾಂ?"

"ಆತ್ರಿ" ಎಂದು ಯಲ್ಲವ್ವ ಹೊರಟುಹೋದಳು.

ಕೂಟದವರು ಎದ್ದು ಎರಡು ನಿಮಿಷ ಮೌನ ನಿಂತು, ಸಂತಾಪದ ಠರಾವು ಮಾಡಿ, ನಂಬರು ಹಾಕಿದರು. ಅಷ್ಟೊತ್ತಿಗೆ ಐದಾಗುತ್ತ ಬಂದಿತ್ತು. ಪರಮಾನಂದರು ಮೇಜಿನ ಮೇಲಿದ್ದ ಕಪ್ಪು ರೆಕ್ಸಿನ್ ಹೊದಿಕೆಯ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಆಟೊ ಹತ್ತಿದರು.

ಸ್ಮಶಾನದಲ್ಲಿ ಕೆಳಗೆ ಯಾರೂ ಇರಲಿಲ್ಲ. ಜನ ಮೇಲಿದ್ದರು. ಪರಮಾನಂದರ ಕಲ್ಲು ಗೋಡೆಗೆ ಒರಗಿತ್ತು. ಕಲ್ಲಿದ್ದಲ್ಲಿ ಒಣಮಣ್ಣಿನ ಗುಂಪೆ, ಅದರ ಪಕ್ಕ ಅಚ್ಚುಕಟ್ಟಾದ ಕುಣಿ. ಅವರ ಮೈ ಉರಿದುಹೋಯಿತು.

"ಯಾರನ್ನ ಕೇಳಿ ತೋಡಿದೀಲೇ ಸಿದರಾಯಾ? ಅದು ನನ್ನ ಜಾಗಾ!"

ಕುಣಿ ತೋಡುವ ಸಿದರಾಯ ಸಲಿಕೆ ಊರಿ ನಿಂತ. "ಎಲ್ಲಾ ಕಡೆ ನೋಡಿದ್ನಿರಿ. ಸತ್ತಾವರನ್ನ ಎಬ್ಬಸಾಕ ಬರೂದಿಲ್ಲ. ನೀವಾದ್ರ ಇನ್ನೂ ನಿಂತೀರಿ."

"ಅನ್ನವ್ವನ ಬಾಜೂಕ ನಾ ಮಲಗಬೇಕೋ!"

ಯಲ್ಲವ್ವ ಮೆಲ್ಲಗೆ ಹೇಳಿದಳು: "ಅನ್ನವ್ವ ಬಾಯಾರು ಹಾಸಿಗಿ ಹಿಡದಾಗ ಆರ ತಿಂಗಳ ಅವರ ಬಾಜೂಕ ಮಲಗಿದಾಕಿ ನಮ್ಮವ್ವರಿ. ನಿಮಗಾಗ ಕಚೇರಿ ಇತ್ತು."

ಉತ್ತರ ಇಲ್ಲದಾಗ ಗುಮಾಸ್ತ ಮಾಡುವುದನ್ನೇ ಅವರು ಮಾಡಿದರು, ಪುಸ್ತಕ ಬಿಚ್ಚಿದರು. ಅದು ಪ್ರಾರ್ಥನೆಯ ಪುಸ್ತಕವಲ್ಲ, ಓದುಕೂಟದ್ದು. ಎರಡಕ್ಕೂ ಒಂದೇ ರೆಕ್ಸಿನ್ ಹಾಕಿಸಿದವರು ಅವರೇ. ಹತ್ತಿಪ್ಪತ್ತು ಜನ ತಲೆ ಬಗ್ಗಿಸಿ ಕಾಯುತ್ತಿದ್ದರು. ದಾರ ಇಟ್ಟಿದ್ದ ಪುಟದಲ್ಲಿ ಕೆಂಪು ಗೆರೆ ಎಳೆದ ಸಾಲು ಕಣ್ಣಿಗೆ ಬಿತ್ತು. ಕಚೇರಿಯಲ್ಲಿ ಸಾಹೇಬರ ಮುಂದೆ ಫೈಲು ಓದಿ ಓದಿ ಪಳಗಿದ ನಾಲಿಗೆ, ಸಾಲನ್ನೂ ಅಂಚಿನಲ್ಲಿ ತಾವೇ ಬರೆದ ಟಿಪ್ಪಣಿಯನ್ನೂ ಒಂದೇ ಉಸಿರಿಗೆ ಓದಿಬಿಟ್ಟಿತು:

"ಕೂತ ಜಾಗದಿಂದ ನಾವು ಸರಿಯುವ ತನಕ ನ್ಯಾಯಕ್ಕೆ ಕೂಡಲು ಜಾಗವಿಲ್ಲ. ಉತ್ತಮ ವಿಚಾರ. ಮುಂದಿನ ಸಭೆಗೆ ಮಂಡಿಸುವುದು."

ಸಿದರಾಯ ತಲೆ ಎತ್ತಿದ. "ಮುಂದಿನ ಸಭಾದ ತನಕಾ ಅಕಿ ತಡೀತಾಳೇನ್ರಿ ಸಾಹೇಬ್ರ?"

ಅವನು ಕುಚೋದ್ಯಕ್ಕೆ ಕೇಳಿರಲಿಲ್ಲ, ತಿಳಿಯದೆ ಕೇಳಿದ್ದ. ಯಾರೂ ನಗಲಿಲ್ಲ. ಪರಮಾನಂದರಿಗೆ ನೆಲ ಬಿರಿದು ನುಂಗಬಾರದೆ ಅನ್ನಿಸಿತು, ಆದರೆ ಬಿರಿದ ನೆಲ ಮುದಕವ್ವನಿಗಾಗಿತ್ತು. ನಾಚಿಕೆ ಎಂಬುದು ಆ ವಯಸ್ಸಿನಲ್ಲಿ ಅವರಿಗೆ ಹೊಸದು. ಪುಸ್ತಕ ಮುಚ್ಚಿ, "ಇಳಸ್ರಿ" ಎಂದರು. ಅನ್ನವ್ವನನ್ನು ಇಳಿಸಿದ ದಿನ ಕೇಳಿದ ಪ್ರಾರ್ಥನೆ ಎಷ್ಟು ನೆನಪಿತ್ತೋ ಅಷ್ಟು ಹೇಳಿದರು. ಮೊದಲ ಹಿಡಿ ಮಣ್ಣು ಯಲ್ಲವ್ವ ಹಾಕಿದಳು, ಎರಡನೆಯದು ಅವರು.

ಜನ ಚದುರಿದ ಮೇಲೆ ಸಿದರಾಯ ಗೋಡೆಯ ಕಡೆ ಕೈ ಮಾಡಿದ. "ಈ ಕಲ್ಲ ಎಲ್ಲಿ ನೆಡೂದ್ರಿ?"

"ಕೆಳಗ ಒಂದ ಕುಣಿ ತೋಡಿದ್ದೈತಲಾ, ಅಲ್ಲಿ."

"ಅದರಾಗ ನೀರ ಐತ್ರಿ ಸಾಹೇಬ್ರ."

"ಗೊತ್ತೈತೋ. ನಿಯಮ ತಿದ್ದಾಕ ಹದಿನೈದು ದಿನದ ನೋಟಿಸ್ ಬೇಕು" ಎಂದರು ಪರಮಾನಂದ, ಕಣ್ಣೊರೆಸಿಕೊಳ್ಳುತ್ತ. "ನಾ ಕಾಯ್ತೇನಿ. ನನಗೇನ ಅವಸರ ಇಲ್ಲ."